ಹೈಟ್ ಕಮ್ಮಿ ಇರೋರು ಬೈಕ್ ತಗೊಳ್ಳೋ ಮುಂಚೆ

ಹೊಸದಾಗಿ ಲೈಸೆನ್ಸ್ ಮಾಡ್ಸಿರೋ ಹುಡುಗೀರು, ಹೈಟ್ ಐದಡಿ ಆಸುಪಾಸು ಇದ್ರೆ ಬರೀ ಸೀಟ್ ಹೈಟ್ ನೋಡಿ ಬುಕ್ ಮಾಡ್ಬೇಡಿ, ತೂಕನೂ ನೋಡಿ. ಸ್ಪ್ಲೆಂಡರ್ ಪ್ಲಸ್ಸೂ ಹಂಟರ್ 350ನೂ ಸೀಟ್ ಹೈಟಲ್ಲಿ ಹೆಚ್ಚುಕಮ್ಮಿ ಒಂದೇ, 785-790 ಎಂಎಂ, ಆದ್ರೆ ಸ್ಪ್ಲೆಂಡರ್ ಸುಮಾರು 112 ಕೆಜಿ, ಹಂಟರ್ 181, ತೀರ್ಥಹಳ್ಳಿ ಕಡೆ ಮಳೇಲಿ ಏರಲ್ಲಿ ನಿಲ್ಸಿದ್ರೆ ಆ ವ್ಯತ್ಯಾಸ ಪೂರ್ತಿ ಕಾಲಿಗೇ ಬರುತ್ತೆ. ಅವೆಂಜರ್ ಸೀಟು 737 ಎಂಎಂ, ಕೂರೋಕೆ ಸುಲಭ, ಆದ್ರೆ ಫುಟ್‌ರೆಸ್ಟ್ ಮುಂದಿದೆ, ಕಾಲು ಎಟುಕುತ್ತಾ ನೋಡಿ, ಜೊತೆಗೆ ಆಗುಂಬೆ ಘಾಟಿ ತಿರುವಲ್ಲಿ ತಿರುಗ್ಸೋ ಹಾಗೆ ಹ್ಯಾಂಡಲ್ ಪೂರ್ತಿ ತಿರುಗ್ಸಿ ಕೈ ಎಟುಕುತ್ತಾ ನೋಡ್ಕೊಳ್ಳಿ.

ಶೋರೂಮಿಗೆ ದಿನಾ ಹಾಕೋ ಶೂನಲ್ಲೇ ಹೋಗಿ, ಸ್ಟ್ಯಾಂಡ್ ತೆಗೆದು ಕೂತ್ಕೊಂಡೇ ಹಿಂದಕ್ಕೆ ತಳ್ಳಿ ನೋಡಿ, ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಿದ್ರೆ ಸಾಕು. ಬೈಕಿನ ಹೈಟ್ ಕಮ್ಮಿ ಮಾಡೋಕೆ ಸಸ್ಪೆನ್ಷನ್ (ಶಾಕ್ ಅಬ್ಸಾರ್ಬರ್) ಇಳಿಸ್ಕೊಡ್ತೀವಿ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಒಪ್ಬೇಡಿ, ನಮ್ಮ ರೋಡಿನ ಹಂಪು ಗುಂಡಿಗೆ ಬೈಕಿನ ತಳ ತಾಗುತ್ತೆ. ಸೀಟಿನ ಫೋಮ್ ಸ್ವಲ್ಪ ಕೊರೆಸೋದೇ ವಾಸಿ.