ಸಿಸೇರಿಯನ್ ನಂತರ ಸಹಜ ಹೆರಿಗೆ: ಸಿದ್ಧತೆ ಹೇಗೆ?

‘ಮೊದಲನೆಯದು ಸಿಸೇರಿಯನ್ ಆದರೆ ಎರಡನೆಯದೂ ಅದೇ’ ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ತೀರ್ಪಿನಂತೆ ಕೇಳಿಬರುತ್ತದೆ. 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರಾಗಿನ್ ಬರೆದ ಮಾತು ಅದು. ಆಗ ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದವಾಗಿ ಕೊಯ್ಯುತ್ತಿದ್ದರು. ಈಗ ಸಾಮಾನ್ಯವಾಗಿ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುತ್ತಾರೆ. ಇಂಥ ಒಂದು ಸಿಸೇರಿಯನ್ ಆದವರು ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 72ರಿಂದ 75 ಮಂದಿಗೆ ಅದು ಕೈಗೂಡುತ್ತದೆ. ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ಅಪರೂಪ, ನಿಜ, ಆದರೆ ಬಿರಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಮುಂದೆ ಹೇಳುವ ಸಿದ್ಧತೆಯೆಲ್ಲ ಆ ಒಬ್ಬರು ನೀವೇ ಆಗಬಹುದು ಎಂಬ ಎಚ್ಚರದಿಂದ.

ಹಳೆಯ ಚೀಟಿ ಹುಡುಕಿ

ಮೊದಲ ಭೇಟಿಗೇ ಹಿಂದಿನ ಹೆರಿಗೆಯ ಡಿಸ್ಚಾರ್ಜ್ ಸಾರಾಂಶವನ್ನು ಒಯ್ಯಿರಿ. ಹೊಟ್ಟೆಯ ಮೇಲಿನ ಗೆರೆ ನೋಡಿ ಏನನ್ನೂ ತೀರ್ಮಾನಿಸಲಾಗದು. ಚರ್ಮದ ಮೇಲೆ ಅಡ್ಡ ಗೆರೆಯಿದ್ದರೂ ಒಳಗಿನ ಕೊಯ್ತ ಬೇರೆಯಾಗಿರಬಹುದು. ಚೀಟಿಯಲ್ಲಿ ‘ಎಲ್‌ಎಸ್‌ಸಿಎಸ್’ ಎಂದಿದ್ದರೆ ಕೆಳಭಾಗದ ಕೊಯ್ತ ಎಂದರ್ಥ. ‘ಕ್ಲಾಸಿಕಲ್’ (ಉದ್ದ ಕೊಯ್ತ) ಅಥವಾ ‘ಇನ್ವರ್ಟೆಡ್ ಟಿ’ (ತಲೆಕೆಳಗಾದ T ಆಕಾರದ ಕೊಯ್ತ) ಎಂದಿದ್ದರೆ, ಇಲ್ಲವೇ ಹಿಂದೆ ಗರ್ಭಕೋಶ ಬಿರಿದಿದ್ದರೆ, ಸಹಜ ಹೆರಿಗೆಯ ಆಸೆ ಬಿಡುವುದೇ ಸರಿ.

ಅದರ ಪಕ್ಕದಲ್ಲೇ ಕಾರಣದ ಸಾಲು ಇರುತ್ತದೆ. ‘ಬ್ರೀಚ್’, ಅಂದರೆ ಮಗುವಿನ ತಲೆ ಮೇಲಿತ್ತು ಎಂದಿದ್ದರೆ ಒಳ್ಳೆಯ ಲಕ್ಷಣ. ಈ ಸಲವೂ ಹಾಗೆಯೇ ಆಗಬೇಕೆಂದಿಲ್ಲ. ‘ಸಿಪಿಡಿ’, ಅಂದರೆ ಸೊಂಟದ ದಾರಿ ಸಾಲಲಿಲ್ಲ ಎಂದಿದ್ದರೆ ಅವಕಾಶ ಕಡಿಮೆ, ಆದರೆ ಪೂರ್ತಿ ಮುಗಿದಿಲ್ಲ. ಒಮ್ಮೆಯಾದರೂ ಸಹಜವಾಗಿ ಹೆತ್ತವರಿಗೆ ಯಶಸ್ಸು ಶೇ 85 ದಾಟುತ್ತದೆ. ಚೀಟಿ ಕಳೆದಿದ್ದರೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ. ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು ವೈದ್ಯಕೀಯ ಮಂಡಳಿಯ 2002ರ ನಿಯಮ.

ಚೀಟಿಯನ್ನು ಓದದೆಯೇ ‘ಆಗುವುದಿಲ್ಲ’ ಎನ್ನುವವರನ್ನೂ, ‘ನಾರ್ಮಲ್ ಗ್ಯಾರಂಟಿ’ ಎನ್ನುವವರನ್ನೂ ನಂಬಬೇಡಿ.

ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಹೊಲಿಗೆಗೆ ಅಪಾಯ ಹೆಚ್ಚು. ಸ್ಕ್ಯಾನಿಂಗ್‌ನಲ್ಲಿ ಮಾಸು ಎಲ್ಲಿದೆ ಎಂದು ಕೇಳಿ ತಿಳಿಯಿರಿ. ಅದು ಹಳೆಯ ಹೊಲಿಗೆಯ ಮೇಲೆ ಕೂತಿದ್ದರೆ ಯೋಜನೆಯೇ ಬದಲಾಗುತ್ತದೆ.

ಎಲ್ಲಿ ಹೆರುವುದು?

ನಮ್ಮಲ್ಲಿ ಅನೇಕರು ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾರೆ. ಅಲ್ಲಿಗೆ ವೈದ್ಯರೂ ಆಸ್ಪತ್ರೆಯೂ ಬದಲು. ಆದ್ದರಿಂದ ಹೊರಡುವ ಮೊದಲೇ ಅಪ್ಪನೋ ಅಣ್ಣನೋ ಅಲ್ಲಿನ ಆಸ್ಪತ್ರೆಗೆ ಹೋಗಿ ವಿಚಾರಿಸಲಿ: ರಾತ್ರಿ ಎರಡು ಗಂಟೆಗೂ ಅರಿವಳಿಕೆ ತಜ್ಞರು ಸಿಗುತ್ತಾರೆಯೇ? ರಕ್ತ ಅಲ್ಲೇ ಇದೆಯೇ, ಬೇರೆ ಊರಿಂದ ತರಿಸಬೇಕೇ? ತುರ್ತಾದರೆ ಎಷ್ಟು ನಿಮಿಷದಲ್ಲಿ ಶಸ್ತ್ರಚಿಕಿತ್ಸೆ ಶುರುವಾಗುತ್ತದೆ? ಉತ್ತರ ಅಳುಕಿನಿಂದ ಬಂದರೆ ಆ ಆಸ್ಪತ್ರೆ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಮನೆಯಲ್ಲಿ ಈ ಹೆರಿಗೆ ಖಂಡಿತ ಸಲ್ಲದು. ತಾಯಿ ಕಾರ್ಡ್‌ನಲ್ಲಿ ಹಿಂದಿನ ಸಿಸೇರಿಯನ್ ನಮೂದಾಗಿದೆಯೇ ನೋಡಿಕೊಳ್ಳಿ.

ನೋವು ಬರಲಿಲ್ಲವೆಂದರೆ?

ದಿನ ತುಂಬಿತೆಂದು ಹರಳೆಣ್ಣೆ ಕುಡಿಸುವುದು, ನಾಟಿ ಮದ್ದು ಕೊಡುವುದು ಬೇಡವೇ ಬೇಡ. ಔಷಧಿಯಿಂದ ನೋವು ಬರಿಸಿದರೆ ಅಥವಾ ಹೆಚ್ಚಿಸಿದರೆ ಬಿರಿಯುವ ಅಪಾಯ ಎರಡು–ಮೂರು ಪಟ್ಟು ಏರುತ್ತದೆ. ಅದರಲ್ಲೂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹೊಲಿಗೆಯಿರುವ ಗರ್ಭಕೋಶಕ್ಕೆ ಬಳಸಬಾರದು. ಎಷ್ಟು ದಿನ ಕಾಯುವುದು, ಆಮೇಲೆ ಏನು ಎಂಬುದನ್ನು 36ನೇ ವಾರದಲ್ಲೇ ವೈದ್ಯರೊಂದಿಗೆ ಮಾತಾಡಿ ಬರೆಸಿಟ್ಟುಕೊಳ್ಳಿ.

ನೋವು ಶುರುವಾದರೆ ಅಥವಾ ನೀರು ಹೋದರೆ ಮನೆಯಲ್ಲಿ ಕಾಯದೆ ಹೊರಡಿ, ವಾಹನವಿಲ್ಲದಿದ್ದರೆ 108. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತವನ್ನು ಸತತವಾಗಿ ಗಮನಿಸುತ್ತಿರಬೇಕು, ಏಕೆಂದರೆ ಹೊಲಿಗೆ ಬಿಡುವ ಸುಳಿವು ಹೆಚ್ಚಾಗಿ ಮೊದಲು ಸಿಗುವುದು ಅಲ್ಲಿಯೇ. ನೋವಿನ ಅಲೆಗಳ ನಡುವೆಯೂ ಬಿಡದ ನೋವು, ಹೊಲಿಗೆಯ ಜಾಗದಲ್ಲಿ ಹಠಾತ್ ಉರಿ, ರಕ್ತಸ್ರಾವ, ಬರುತ್ತಿದ್ದ ನೋವು ತಟ್ಟನೆ ನಿಲ್ಲುವುದು: ಇವುಗಳಲ್ಲಿ ಯಾವುದು ಕಂಡರೂ ಜೊತೆಗಿರುವವರು ಸಂಕೋಚಪಡದೆ ಕೂಗಿ ದಾದಿಯರನ್ನು ಕರೆಯಬೇಕು. ವೈದ್ಯರು ಆಗ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೇಳಿದರೆ ಊರಿನ ಹಿರಿಯರಿಗೆ ಫೋನ್ ಮಾಡುತ್ತ ಕೂರಬೇಡಿ. ಹೆರುವವಳು ಒಪ್ಪಿದರೆ ಸಾಕು.