ಮಡಿಕೆ ಎರಡಿದ್ದರೂ ಒಂದೇ ಎನ್ನುತ್ತಿದ್ದ ಪ್ರೋಗ್ರಾಂ

ಆರ್‌ಎನ್‌ಎ ಎಂಬ ಎಳೆಯಂಥ ಅಣುವಿನ ಮಡಿಕೆಗೆ ಗಣಿತ ಮಾದರಿ ಹೀಗಿದೆ: ಅಣುವಿನ ಘಟಕಗಳನ್ನು ಸೂಚಿಸುವ ಎ, ಯು, ಸಿ, ಜಿ ಅಕ್ಷರಗಳ ಪದವನ್ನು ಸಮತಲ ಮರವೊಂದರ ಸುತ್ತ ಬರೆಯುತ್ತಾ ಹೋಗಬೇಕು. ಪ್ರತಿ ಕೊಂಬೆಯ ಎರಡು ಬದಿಗೆ ಎ–ಯು ಅಥವಾ ಸಿ–ಜಿ ಜೋಡಿಯೇ ಬೀಳಬೇಕು. ಪುಣೆಯಲ್ಲಿ ನಮ್ಮ ಕೈಗೆ ಬಂದ ಹಳೆಯ ಪ್ರೋಗ್ರಾಂ, ಪದವನ್ನು ಹೀಗೆ ಎಷ್ಟು ರೀತಿ ಮಡಿಸಬಹುದು ಎಂದು ಕೇಳಿದರೆ, ಯಾವ ಪದಕ್ಕೂ ಸೊನ್ನೆ ಅಥವಾ ಒಂದನ್ನು ಬಿಟ್ಟು ಬೇರೆ ಉತ್ತರ ಕೊಡುತ್ತಿರಲಿಲ್ಲ.

ಎ-ಯು-ಎ-ಯು ಪದವನ್ನೇ ಕಾಗದದ ಮೇಲೆ ಮಡಿಸಿ ನೋಡಿದೆ. 1–2, 3–4ನೇ ಅಕ್ಷರಗಳನ್ನು ಜೋಡಿಸಿದರೆ ಬೇರಿನಿಂದ ಎರಡು ಕೊಂಬೆ. 1–4, 2–3 ಜೋಡಿಸಿದರೆ ಒಂದರ ಮೇಲೊಂದು. ಎರಡೂ ಸರಿ. ಪಕ್ಕಪಕ್ಕದ ಜೋಡಿಗಳನ್ನು ಸ್ಟ್ಯಾಕ್‌ನಲ್ಲಿ (ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಪಟ್ಟಿಯಲ್ಲಿ) ಅಳಿಸುತ್ತಾ ಹೋಗುವ ಹಳೆಯ ಪ್ರೋಗ್ರಾಂನ ವಿಧಾನ ಪದ ಮಡಿಯುತ್ತದೆಯೇ ಎಂಬುದನ್ನು ತಪ್ಪದೇ ಹೇಳುತ್ತದೆ. ಎಷ್ಟು ರೀತಿ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ.

“ಮೊದಲ ಅಕ್ಷರವನ್ನು ಹಿಡಿಯಿರಿ, ಅದರ ಜೊತೆಗಾರ ಯಾರೆಂದು ಕೇಳಿ” ಎಂದರು ಧಾರವಾಡದ ಸಹೋದ್ಯೋಗಿ. ಜೊತೆಗಾರ ಸಮಸ್ಥಾನದಲ್ಲೇ ಇರಬೇಕು. ಅವನು ಪದವನ್ನು ಒಳಗಿನ ತುಂಡು, ಹೊರಗಿನ ತುಂಡು ಎಂದು ಸೀಳುತ್ತಾನೆ. ಎರಡರ ಎಣಿಕೆಯನ್ನು ಗುಣಿಸಿ, ಎಲ್ಲ ಜೊತೆಗಾರರಿಗೂ ಕೂಡಿಸಬೇಕು. ಖಾಲಿ ತುಂಡಿನ ಎಣಿಕೆ 1. ಒಮ್ಮೆ ಎಣಿಸಿದ ತುಂಡನ್ನು ಕೋಷ್ಟಕದಲ್ಲಿ ಇಟ್ಟುಕೊಂಡರೆ ಉದ್ದದ ಘನಕ್ಕೆ ತಕ್ಕಷ್ಟೇ ಕೆಲಸ.

ಎ-ಯು ಹತ್ತು ಸಲ ಬರೆದ 20 ಅಕ್ಷರದ ಪದಕ್ಕೆ ಈಗ 16,796 ಬರುತ್ತದೆ. ಅದು ಹತ್ತನೆಯ ಕ್ಯಾಟಲಾನ್ ಸಂಖ್ಯೆ, ಅಂದರೆ ಬೇರು ಗುರುತಿಸಿದ, ಹತ್ತು ಕೊಂಬೆಯ ಸಮತಲ ಮರಗಳ ಒಟ್ಟು ಎಣಿಕೆ. ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಪದವಿಲ್ಲ. ಜೀವಕೋಶದ ಆರ್‌ಎನ್‌ಎಯಲ್ಲಿ ಜಿ–ಯು ಜೋಡಿಯೂ ಇರುತ್ತದೆ, ಜೋಡಿಯಿಲ್ಲದ ಅಕ್ಷರಗಳೂ ಇರುತ್ತವೆ. ಅವನ್ನು ಈ ಎಣಿಕೆಗೆ ಸೇರಿಸಿಲ್ಲ.