ರಕ್ತ ಕೇಂದ್ರದ ರಾತ್ರಿಪಾಳಿಯಲ್ಲಿ ಹುಟ್ಟಿದ ವ್ಯಾಂಪೈರ್

ಹುಬ್ಬಳ್ಳಿಯ ಆಸ್ಪತ್ರೆಯೊಂದರ ರಕ್ತ ಕೇಂದ್ರದಲ್ಲಿ ತಂತ್ರಜ್ಞೆಯಾಗಿರುವ ನಾನು ವ್ಯಾಂಪೈರ್ ಪ್ರೇಮದ ಕಾದಂಬರಿಯನ್ನು ಬರೆಯಲು ಕುಳಿತಾಗ ಮೊದಲು ಎದುರಾದದ್ದು ಪ್ರೇಮವಲ್ಲ, ಲೆಕ್ಕ. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ, ಅದರಲ್ಲಿ ಶೇ. 40ರಷ್ಟು ಒಮ್ಮೆಗೇ ಹೋದರೆ ಜೀವ ಉಳಿಯುವುದು ಕಷ್ಟ. ರಾತ್ರಿಗೊಬ್ಬರ ಕೊರಳಿಗೆ ಬಾಯಿ ಹಾಕಿ ಹೊಟ್ಟೆ ತುಂಬಿಸಿಕೊಳ್ಳುವ ನಾಯಕನನ್ನು ಇಟ್ಟುಕೊಂಡರೆ ವರ್ಷಕ್ಕೆ 365 ಹೆಣಗಳಾಗುತ್ತವೆ, ಮತ್ತು ಒಂದು ಓಣಿಯ ಸುದ್ದಿ ಸಂಜೆಯೊಳಗೆ ಮತ್ತೊಂದು ಓಣಿಯ ಕಟ್ಟೆಗೆ ಮುಟ್ಟುವ ನಮ್ಮೂರಿನಲ್ಲಿ ಅಂಥವನು ಎರಡನೆಯ ಅಧ್ಯಾಯದವರೆಗೂ ಬಾಳಲಾರ. ಆದ್ದರಿಂದ ನನ್ನ ನಾಯಕ ಚೀಲದ ರಕ್ತ ಕುಡಿಯುವವನಾದ. ಚೀಲ ಕೊಡಬಲ್ಲವಳೊಬ್ಬಳು ಬೇಕಾದ್ದರಿಂದ ನಾಯಕಿ ನೀಲವ್ವ ನನ್ನದೇ ಕೆಲಸದವಳಾದಳು.

ಚೀಲದೊಂದಿಗೆ ಕಥೆಗೆ ಕಟ್ಟುಪಾಡುಗಳೂ ಬಂದವು. ಚೀಲವೊಂದರಲ್ಲಿ 350 ಮಿ.ಲೀ. ರಕ್ತವಿರುತ್ತದೆ, ಹೆಪ್ಪುಗಟ್ಟದಂತೆ ಕಾಯುವ ಸಿಪಿಡಿಎ ದ್ರಾವಣ ಬೆರೆತ ಅದನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ ತಂಪಿನಲ್ಲಿ 35 ದಿನ ಇಡಬಹುದು. ಅವಧಿ ಮೀರಿದ ಚೀಲವನ್ನು ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿ, ವಿಲೇವಾರಿಗೆ ಕಳಿಸಬೇಕು. ರೋಗಿಗೆ ಸಲ್ಲುವ ಒಂದು ಹನಿಯನ್ನೂ ನೀಲವ್ವ ನಾಯಕನಿಗೆ ಕೊಡುವುದಿಲ್ಲ; ಅವಧಿ ಮೀರಿದ್ದು ಮಾತ್ರ ಅವನದು, ಆದರೆ ಅದಕ್ಕೂ ರಿಜಿಸ್ಟರಿನಲ್ಲಿ ಅವಳು ಸುಳ್ಳು ಬರೆಯಲೇಬೇಕು. ಮೊದಲ ಭಾಗದ ಉದ್ವೇಗವೆಲ್ಲ ಆ ಸಹಿಯ ಮೇಲೆಯೇ ನಿಂತಿದೆ.

ಇಂಥ ಕಥೆಗಳ ಗಟ್ಟಿಗಿತ್ತಿಗೆ ಚರ್ಮದ ಜಾಕೆಟ್ಟು, ಬೆನ್ನ ಮೇಲೊಂದು ಕತ್ತಿ ಇರುವುದು ವಾಡಿಕೆ. ನಾನು ಎರಡನ್ನೂ ಕೊಡಲಿಲ್ಲ. ಬಾಣಂತಿಗೆಂದು ತೆಗೆದಿಟ್ಟ ಕೊನೆಯ ಎರಡು ಚೀಲಗಳನ್ನು, ಬೆಳಿಗ್ಗೆಯ ಯಾವುದೋ ಶಸ್ತ್ರಚಿಕಿತ್ಸೆಗೆ ಬೇಕೆಂದು ಮುಖಂಡನೊಬ್ಬನ ಹಿಂಬಾಲಕರು ನಡುರಾತ್ರಿ ಮೇಜು ಗುದ್ದಿ ಕೇಳಿದಾಗ ಅವಳು ಕುರ್ಚಿಯಿಂದ ಏಳುವುದೂ ಇಲ್ಲ: “ಅವೆರಡೂ ಬಾಣಂತಿಗೆ ಇಟ್ಟಾವ್ರಿ ಅಣ್ಣಾರ. ನಿಮಗ ರಕ್ತ ಬೇಕಂದ್ರ ತೋಳ ಚಾಚ್ರಿ, ಈಗ ತಗೋತೀನಿ.” ಈ ದೃಶ್ಯವನ್ನು ಬಾಗಿಲ ಹೊರಗಿನಿಂದ ನಾಯಕ ನೋಡುತ್ತಾನೆ. ಅವನು ಅವಳಿಗೆ ಸೋಲುವುದು ಅಲ್ಲಿ.

ಅವಳ ರಕ್ತದ ಗುಂಪಿನ ಬಗ್ಗೆ ಹೆಚ್ಚು ಯೋಚಿಸಿದೆ. ನಾಯಕಿಯ ರಕ್ತ ಬೇರೆಲ್ಲೂ ಸಿಗದಂಥದ್ದು ಎನ್ನುವುದು ಈ ಪ್ರಕಾರದ ಹಳೆಯ ಚಪಲ, ಮತ್ತು 1952ರಲ್ಲಿ ಮುಂಬಯಿಯಲ್ಲಿ ಮೊದಲು ಗುರುತಿಸಲಾದ, ತೀರಾ ಅಪರೂಪದ ಬಾಂಬೆ ಗುಂಪು ನನ್ನ ಕೈಯಳತೆಯಲ್ಲೇ ಇತ್ತು. ಆದರೆ ಹಾಗೆ ಮಾಡಿದರೆ ಅವನು ಮೆಚ್ಚಿದ್ದು ಅವಳನ್ನೋ ಅವಳ ಗುಂಪನ್ನೋ ಎಂಬ ಅನುಮಾನ ಕೊನೆಯವರೆಗೂ ಹರಿಯುವುದಿಲ್ಲ. ನೀಲವ್ವನದು ಬಿ ಪಾಸಿಟಿವ್. ಯಾವ ಶಿಬಿರ ಮಾಡಿದರೂ ಧಾರಾಳವಾಗಿ ಸಿಗುವ, ಅಷ್ಟೇ ಬೇಗ ಖರ್ಚಾಗುವ ಗುಂಪು.

ನಾಯಕನಿಗೆ ಊರಿನ ಹಿಂದಿನ ಕಾಲವೊಂದು ಬೇಕಿತ್ತು. ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಗುಮಾಸ್ತನಾಗಿದ್ದವನು, 1898ರ ಪ್ಲೇಗಿನಲ್ಲಿ ಜನ ಮನೆಗಳನ್ನು ತೊರೆದು ಊರ ಹೊರಗಿನ ಗುಡಿಸಲುಗಳಿಗೆ ಹೋದಾಗ ಹಿಂದೆ ಉಳಿದವನು ಎಂದು ಮಾಡಿಕೊಂಡೆ. ಬಿಸಿಲಿಗೆ ಬೂದಿಯಾಗುವ ನಿಯಮವನ್ನು ಕೈಬಿಟ್ಟೆ. ಬ್ರಾಮ್ ಸ್ಟೋಕರನ 1897ರ ಕಾದಂಬರಿಯ ಡ್ರಾಕುಲಾ ಹಗಲಿನಲ್ಲೂ ಓಡಾಡುತ್ತಾನೆ, ಬಿಸಿಲಿನ ಸಾವು 1922ರ ಜರ್ಮನ್ ಮೂಕಿಚಿತ್ರದಿಂದ ಬಂದದ್ದು. ಹೀಗಾಗಿ ನನ್ನವನು ಸಂಜೆಯ ಚಿಗರಿ ಬಸ್ಸು ಹತ್ತಿ ಧಾರವಾಡದಿಂದ ಹುಬ್ಬಳ್ಳಿಗೆ ಬರಬಲ್ಲ. ಬೆಳ್ಳುಳ್ಳಿಯ ಭಯವನ್ನಂತೂ ಇಡುವಂತೆಯೇ ಇರಲಿಲ್ಲ, ನಮ್ಮ ಖಾನಾವಳಿಗಳ ಚಟ್ನಿಪುಡಿಯ ನಡುವೆ ಅವನು ಒಂದು ದಿನವೂ ತಡೆಯುತ್ತಿರಲಿಲ್ಲ.

ಅವನ ದೌರ್ಬಲ್ಯವನ್ನು ಚೀಲದಿಂದಲೇ ತೆಗೆದೆ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಡುತ್ತದೆ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಕೊಡುವ ದಾನಿಗಳಲ್ಲಿ ಕೆಲವರಿಗೆ ತುಟಿ ಜುಮ್ಮೆನ್ನುವುದು ಇದೇ ಕಾರಣಕ್ಕೆ. ಅವನು ಕುಡಿದದ್ದೆಲ್ಲ ನೇರವಾಗಿ ನಾಳಗಳಿಗೇ ಸೇರುತ್ತದೆ ಎಂಬ ಒಂದು ಊಹೆಯನ್ನು ಓದುಗರು ಒಪ್ಪಿಕೊಂಡರೆ, ಚೀಲಗಳನ್ನೇ ನಂಬಿ ಬದುಕುವವನಿಗೆ ಬೆರಳು ಸೆಟೆಯುವುದು, ಕಾಲು ಹಿಡಿದುಕೊಳ್ಳುವುದು ಸಹಜವೇ ಆಗುತ್ತದೆ. ಅದಕ್ಕೆ ನೀಲವ್ವ ಕೊಡುವ ಮದ್ದು ಧಾರವಾಡದ ಲೈನ್ ಬಜಾರಿನ ಫೇಡೆ, ಹಾಲಿನ ಪದಾರ್ಥವಲ್ಲವೇ! ಬರೆಯುವಾಗ ನಾನು ನಕ್ಕ ಪುಟಗಳು ಇವೇ.

ವ್ಯಾಂಪೈರ್ ಯಾರೂ ಕರೆಯದೆ ಮನೆಯ ಹೊಸ್ತಿಲು ದಾಟಬಾರದೆಂಬ ನಿಯಮ ಮಾತ್ರ ಬಹಳ ಕಾಡಿತು. ನಮ್ಮ ಕಡೆ ಕಟ್ಟೆಯ ಮೇಲೆ ಕುಳಿತ ಹೆಂಗಸರು ದಾರಿಯಲ್ಲಿ ಹೋಗುವ ಪರಿಚಯಸ್ಥರನ್ನೆಲ್ಲ “ಬರ್ರಿ, ಚಾ ಕುಡದ ಹೋಗ್ರಿ” ಎಂದು ಕರೆಯುತ್ತಲೇ ಇರುತ್ತಾರೆ. ಅಂಥ ಓಣಿಯಲ್ಲಿ ಆ ನಿಯಮದಿಂದ ಯಾರಿಗೆ ರಕ್ಷಣೆ? ನಿಯಮವನ್ನು ಬದಲಿಸುವ ಬದಲು ಅದನ್ನೇ ನಡೆಯಗೊಟ್ಟೆ. ಮಗಳ ಸಹೋದ್ಯೋಗಿ ಇರಬೇಕೆಂದು ತಿಳಿದು ನೀಲವ್ವನ ಅವ್ವನೇ ಅವನನ್ನು ಪಡಸಾಲೆಗೆ ಕರೆದು ಕೂರಿಸುತ್ತಾಳೆ. ಒಮ್ಮೆ ಒಳಗೆ ಬಂದವನನ್ನು ಹೊಸ್ತಿಲು ತಡೆಯದು. ಇನ್ನು ತಡೆಯಬೇಕಾದದ್ದು ನೀಲವ್ವನ ಮಾತೊಂದೇ. ಅಲ್ಲಿಂದ ಮುಂದೆ ಅವನು ಏನನ್ನು ಬೇಡುತ್ತಾನೆ, ಅವಳು ಎಷ್ಟಕ್ಕೆ ಒಪ್ಪುತ್ತಾಳೆ ಎಂಬುದೇ ಪ್ರೇಮಕಥೆಯಾಯಿತು.

ಕಚ್ಚುವ ದೃಶ್ಯ ಕಾದಂಬರಿಯಲ್ಲಿಲ್ಲ. ಅದರ ಜಾಗದಲ್ಲಿ, ಹಿಮೋಗ್ಲೋಬಿನ್ 12.5 ದಾಟಿದೆಯೆಂದು ನೋಡಿಸಿಕೊಂಡ ನೀಲವ್ವ ತಾನೇ ದಾನಿಯ ಕುರ್ಚಿಯಲ್ಲಿ ಒರಗುತ್ತಾಳೆ. ಐದು ಸೋಂಕುಗಳ ಪರೀಕ್ಷೆ ಮುಗಿಸಿ ಅವಳ ಚೀಲ ಉಳಿದ ಚೀಲಗಳ ಸಾಲಿಗೆ ಸೇರುತ್ತದೆ. 35 ದಿನ ಯಾರಿಗೂ ಬೇಕಾಗದಿದ್ದರೆ ಅದು ಅವನದು. ಅವನು ಪ್ರತಿ ರಾತ್ರಿಯೂ ಬಂದು ಗಾಜಿನ ಬಾಗಿಲಾಚೆಯಿಂದ ಅದರ ದಿನಗಳನ್ನು ಎಣಿಸಿ ಹೋಗುತ್ತಾನೆ. 33ನೆಯ ದಿನ ಅಪಘಾತದಲ್ಲಿ ಗಾಯಗೊಂಡ ಹುಡುಗನೊಬ್ಬನಿಗೆ ಅದು ಹೊರಟುಹೋಗುತ್ತದೆ, ಮತ್ತು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದರೂ ಅವನು ದಾರಿ ಬಿಟ್ಟು ನಿಲ್ಲುತ್ತಾನೆ. ಮತ್ತೊಮ್ಮೆ ಕೊಡುವೆಯಾ ಎಂದು ಅವನು ಕೇಳಿದಾಗ, ಹೆಣ್ಣುಮಕ್ಕಳ ಎರಡು ರಕ್ತದಾನಗಳ ನಡುವೆ ಇರಬೇಕಾದ ಅಂತರವನ್ನು ಚೆನ್ನಾಗಿ ಬಲ್ಲ ನೀಲವ್ವ ರಿಜಿಸ್ಟರಿನಿಂದ ತಲೆ ಎತ್ತದೆ ಹೇಳುತ್ತಾಳೆ: “ನಾಕ ತಿಂಗಳ ಬಿಟ್ಟ ಬರ್ರಿ.”